ಟಿಲ್ಲರ್ ಬಿಟ್ಟು ಮುಂದಿನ ಸ್ಟೀರಿಂಗ್‌ಗೆ: ಹದಿನಾಲ್ಕು ಅಡಿ ದೋಣಿಗೆ ಕೂರಿಸಿದ ಕಿಟ್ ಹೇಗಿದೆ?

ಕಲಬುರಗಿಯ ಯಾವುದೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಟಿಲ್ಲರ್ ಕೇಬಲ್ ಕೇಳಿ ನೋಡಿ, ಹೊಲ ಉಳುವ ಪವರ್ ಟಿಲ್ಲರ್‌ನ ಕ್ಲಚ್ ಕೇಬಲ್ ತಂದು ಮುಂದಿಡುತ್ತಾರೆ. ತಪ್ಪು ಅವರದಲ್ಲ, ಈ ಕಡೆ ದೋಣಿಗಿಂತ ತೊಗರಿ ಹೊಲಗಳೇ ಜಾಸ್ತಿ. ಹಾಗಾಗಿ ದೋಣಿಯ ಹಿಂಬದಿ ಕೂತು ಎಂಜಿನ್ನಿನ ಹಿಡಿಕೆ, ಅಂದರೆ ಟಿಲ್ಲರ್, ತಿರುಗಿಸುವುದನ್ನು ಬಿಟ್ಟು, ಮುಂದೆ ಚಕ್ರ ಮತ್ತು ಗೇರ್ ಪೆಟ್ಟಿಗೆ ಕೂರಿಸಬೇಕೆಂದರೆ ಸಾಮಾನೆಲ್ಲ ಹೊರಗಿನಿಂದಲೇ ತರಿಸಬೇಕು. ಇಲ್ಲಿ ಹೇಳುತ್ತಿರುವುದು ಹಾಗೆ ತರಿಸಿ, ನಾರಾಯಣಪುರ ಹಿನ್ನೀರಿನಲ್ಲಿ ಓಡುವ 14 ಅಡಿಯ ಫೈಬರ್ ದೋಣಿಗೆ, ಅದರ ಹಿಂಬದಿಗೆ ಹೊರಗಡೆ ಸಿಕ್ಕಿಸಿದ 25 ಎಚ್‌ಪಿ ಯಮಹಾ ಔಟ್‌ಬೋರ್ಡ್ ಎಂಜಿನ್ನಿಗೆ ಜೋಡಿಸಿದ ಕಿಟ್ ಬಗ್ಗೆ.

ಕಿಟ್‌ನಲ್ಲಿ ಮೂರು ಕಟ್ಟು. ಒಂದರಲ್ಲಿ ಚಕ್ರ, ಹೆಲ್ಮ್ ಎನ್ನುವ ಗೇರ್ ಡಬ್ಬಿ ಮತ್ತು ಒಂಟಿ ಸ್ಟೀರಿಂಗ್ ಕೇಬಲ್. ಇನ್ನೊಂದರಲ್ಲಿ ಮುಂದೆ ಕೂತು ಗೇರ್, ವೇಗ ಬದಲಿಸುವ ಯಮಹಾ 703 ರಿಮೋಟ್ ಪೆಟ್ಟಿಗೆ ಮತ್ತು ಎರಡು ಕಂಟ್ರೋಲ್ ಕೇಬಲ್, ಒಂದು ಗೇರ್‌ಗೆ, ಒಂದು ಥ್ರಾಟಲ್‌ಗೆ. ಮೂರನೆಯದು ಸಣ್ಣ ಪ್ಲಾಸ್ಟಿಕ್ ಚೀಲ: ಎಂಜಿನ್ ಬದಿಯ ಬ್ರಾಕೆಟ್, ಥ್ರಾಟಲ್ ಲಿವರ್, ಗ್ರೋಮೆಟ್ ಎಂಬ ರಬ್ಬರ್ ಬಳೆ, ಸ್ಟೀರಿಂಗ್ ದಂಡವನ್ನು ಎಂಜಿನ್ನಿಗೆ ಕಟ್ಟುವ ಡ್ರ್ಯಾಗ್ ಲಿಂಕ್, ಪಿನ್ನುಗಳು. ಜನ ದೊಡ್ಡ ಪೆಟ್ಟಿಗೆಗಳ ಬೆಲೆ ಚೌಕಾಸಿ ಮಾಡುತ್ತಾರೆ, ಕೆಲಸ ನಿಲ್ಲುವುದು ಮಾತ್ರ ಈ ಚೀಲದ ಹತ್ತಿರ. ಆ ಬ್ರಾಕೆಟ್‌ಗಳು ಎಂಜಿನ್ನಿನ ಮಾಡೆಲ್‌ಗೆ ತಕ್ಕಂತೆ ಬೇರೆ ಬೇರೆ. ಎಂಜಿನ್ನಿನ ಕ್ಲ್ಯಾಂಪ್ ಮೇಲಿರುವ ಮಾಡೆಲ್ ಕೋಡ್ ಮತ್ತು ಸೀರಿಯಲ್ ನಂಬರಿನ ಫೋಟೊ ಕಳಿಸದೆ ಆರ್ಡರ್ ಕೊಡಲೇಬೇಡಿ.

ಅದಕ್ಕೂ ಮೊದಲು ನೋಡಬೇಕಾದ್ದು ಎಂಜಿನ್ನಿಗೆ ಟಿಲ್ಟ್ ಟ್ಯೂಬ್ ಇದೆಯೋ ಇಲ್ಲವೋ. ಎಂಜಿನ್ ಮೇಲೆತ್ತುವಾಗ ಯಾವ ಅಡ್ಡ ಕೊಳವೆಯ ಸುತ್ತ ತಿರುಗುತ್ತದೋ ಅದೇ ಟಿಲ್ಟ್ ಟ್ಯೂಬ್. ಒಳವ್ಯಾಸ ಮುಕ್ಕಾಲಿಗಿಂತ ಕಡಿಮೆ, 5/8 ಇಂಚು. ಹೊರಗಿನ ಮರೆ, ಅಂದರೆ ತಿರುಪಿನ ಸುತ್ತು, 7/8 ಇಂಚು, ಇಂಚಿಗೆ 14 ಎಳೆ. ಸ್ಟೀರಿಂಗ್ ಕೇಬಲ್‌ನ ತುದಿಯ ಉಕ್ಕಿನ ದಂಡ ಇದರೊಳಗೇ ಹಾಯ್ದು ಆಚೆ ಬರಬೇಕು. ಚಿಕ್ಕ ಎಂಜಿನ್‌ಗಳು ಹಲವಕ್ಕೆ ಈ ಟೊಳ್ಳು ಕೊಳವೆ ಇರುವುದಿಲ್ಲ. ಆಗ ಹಿಂಬದಿ ಹಲಗೆಗೆ ಹಿಡಿಸುವ ಬೇರೆ ಬ್ರಾಕೆಟ್ ಬೇಕು, ಅದರಲ್ಲಿ ಸಡಿಲು ಜಾಸ್ತಿ. 15 ಎಚ್‌ಪಿಗಿಂತ ಕೆಳಗಿನ ಎಂಜಿನ್‌ಗೆ ಈ ಉಸಾಬರಿ ಬೇಡವೆಂಬುದು ನಮ್ಮ ಅಭಿಪ್ರಾಯ.

ಕೊಳವೆ ಇದ್ದರೂ ಅದು ಖಾಲಿ ಇರುವುದಿಲ್ಲ. ವರ್ಷಗಟ್ಟಲೆ ಟಿಲ್ಲರ್‌ನಲ್ಲೇ ಓಡಿದ ಎಂಜಿನ್ನಿನ ಟ್ಯೂಬಿನೊಳಗೆ ಹಳೆ ಗ್ರೀಸೂ ಹೊಳೆಯ ರೇವೆಯೂ ಸೇರಿ, ರೊಟ್ಟಿ ಹಂಚಿನ ಕರಕಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆಯೇ ದಂಡ ತೂರಿಸಿದರೆ ಮೊದಲ ದಿನ ಚಕ್ರ ಬಿಗಿ, ತಿಂಗಳಿಗೆ ಪೂರ್ತಿ ಜಾಮ್. ಮರದ ಕಡ್ಡಿಗೆ ಬಟ್ಟೆ ಸುತ್ತಿ ಡೀಸೆಲ್‌ನಲ್ಲಿ ಅದ್ದಿ ಉಜ್ಜಬೇಕು, ಆಮೇಲೆ 400 ನಂಬರ್ ಎಮರಿ ಕಾಗದ, ಕೊನೆಗೆ ಒಣ ಬಟ್ಟೆ. ಬಟ್ಟೆ ಬೆಳ್ಳಗೆ ಹೊರಬರುವ ತನಕ ಬಿಡಬಾರದು. ನಂತರ ಒಳಗೂ ದಂಡಕ್ಕೂ ಮರೀನ್ ಗ್ರೀಸ್. ಲಾರಿಯ ಬೇರಿಂಗಿಗೆ ಹಾಕುವ ಗ್ರೀಸ್ ನೀರಿಗೆ ತೊಳೆದುಹೋಗಬಹುದು, ನಮ್ಮ ಏಪ್ರಿಲ್ ಬಿಸಿಲಿಗೆ ಒಸರಿ ಹರಿಯಲೂಬಹುದು.

ಈ ಕಿಟ್‌ನಲ್ಲಿ ನಮಗೆ ಸಿಟ್ಟು ಬಂದ ಸಂಗತಿ ಕೇಬಲ್ ಉದ್ದ. ದೋಣಿ 14 ಅಡಿ ಎಂದಾಕ್ಷಣ ಮಾರುವವರು ಲೆಕ್ಕ ಕೇಳದೆ 14 ಅಡಿಯ ಸ್ಟೀರಿಂಗ್ ಕೇಬಲ್ ಕಟ್ಟಿ ಕಳಿಸಿದ್ದರು. ದೋಣಿಯ ಉದ್ದಕ್ಕೂ ಕೇಬಲ್ ಉದ್ದಕ್ಕೂ ಸಂಬಂಧವೇ ಇಲ್ಲ. ಅಳೆಯಬೇಕಾದ್ದು ಹೀಗೆ: ಚಕ್ರದ ನಡುವಿನಿಂದ ದೋಣಿಯ ಅಂಚಿಗೆ, ಅಂಚಿನುದ್ದಕ್ಕೂ ಹಿಂಬದಿ ಹಲಗೆಗೆ, ಅಲ್ಲಿಂದ ಎಂಜಿನ್ನಿನ ನಡುವಿಗೆ. ಈ ದೋಣಿಯಲ್ಲಿ ಅವು 22, 80 ಮತ್ತು 30 ಇಂಚು, ಒಟ್ಟು 132. ಪ್ರತಿ 90 ಡಿಗ್ರಿ ತಿರುವಿಗೆ 4 ಇಂಚು ಕಳೆಯಬೇಕು. ಎರಡು ತಿರುವಿಗೆ 8 ಹೋಗಿ 124. ಟಿಲ್ಟ್ ಟ್ಯೂಬಿನೊಳಗೆ ಹಾಯುವ ಕೇಬಲ್ ಆದ್ದರಿಂದ 6 ಕೂಡಿಸಿ 130. ಮುಂದಿನ ಪೂರ್ಣ ಅಡಿಗೆ ಏರಿಸಿದರೆ 11 ಅಡಿ. ಮೂರು ಅಡಿ ಹೆಚ್ಚಿದ್ದರೆ ಏನಂತೆ, ಸುತ್ತಿಟ್ಟರಾಯಿತು ಅನ್ನುತ್ತಾರೆ. ಆದರೆ ಆ ಸುತ್ತು ಒಳಗಿನ ತಂತಿಗೆ ತಿಕ್ಕಾಟ ಹೆಚ್ಚಿಸುತ್ತದೆ, ಚಕ್ರ ಭಾರವಾಗುತ್ತದೆ. ಎಲ್ಲಿಯೂ ಬಾಗಿನ ತ್ರಿಜ್ಯ 8 ಇಂಚಿಗಿಂತ ಕಿರಿದಾಗಬಾರದು. ಗಿಡ್ಡ ಕೇಬಲ್ ಇನ್ನೂ ಕೆಟ್ಟದ್ದು, ಟ್ಯೂಬಿನ ಬಾಯಲ್ಲೇ ಮಡಚಿ ಮುರಿಯುತ್ತದೆ. ಕೇಬಲ್ ಬದಲಿಸಿಕೊಟ್ಟರು, ಎರಡು ವಾರ ಹೋಯಿತು.

ಗೇರ್ ಮತ್ತು ಥ್ರಾಟಲ್ ಕೇಬಲ್‌ಗಳ ಲೆಕ್ಕ ಬೇರೆ. ಪೆಟ್ಟಿಗೆಯಿಂದ ಎಂಜಿನ್ನಿನ ನಡುವಿನ ತನಕದ ದಾರಿ ಅಳೆದು 3 ಅಡಿ ಕೂಡಿಸಬೇಕು. ಎಂಜಿನ್ ಎರಡೂ ಬದಿಗೆ ಪೂರ್ತಿ ತಿರುಗಿದಾಗ, ಮೇಲೆತ್ತಿದಾಗ ಎಳೆತ ಬೀಳದಂತೆ ಒಂದು ಸಡಿಲ ಕಮಾನು ಬೇಕೇ ಬೇಕು. ಇಲ್ಲಿ 13 ಅಡಿಯವು ಸರಿಹೋದವು.

703 ಪೆಟ್ಟಿಗೆಯಲ್ಲಿ ಹೆಸರಿಡುವಂಥದ್ದೇನಿಲ್ಲ. ಒಂದೇ ಲಿವರ್‌ನಲ್ಲಿ ಗೇರೂ ವೇಗವೂ, ಹಿಡಿಯ ಕೆಳಗಿನ ಲಾಕ್ ಒತ್ತದೆ ನ್ಯೂಟ್ರಲ್ ಬಿಟ್ಟು ಕದಲುವುದಿಲ್ಲ. ಬೇರೆ ಕಂಪನಿಯ ಹಳೆ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಜೋಡಿಸಲು ಹೋಗಬೇಡಿ. ಕೇಬಲ್ ತುದಿಗಳು ಹೊಂದುವುದಿಲ್ಲ, ಹೇಗೋ ಹೊಂದಿಸಿದರೂ ಕೆಲವು ಜೋಡಿಗಳಲ್ಲಿ ತಳ್ಳುವ ದಿಕ್ಕು ತಿರುಗುಮುರುಗಾಗಿ, ಲಿವರ್ ಮುಂದೆ ಒತ್ತಿದರೆ ದೋಣಿ ಹಿಂದೆ ಹೋಗುತ್ತದೆ.

ಹೊಂದಿಸುವಾಗ ಗೇರ್ ಮೊದಲು, ಥ್ರಾಟಲ್ ಆಮೇಲೆ. ಪೆಟ್ಟಿಗೆ ನ್ಯೂಟ್ರಲ್‌ನಲ್ಲಿ, ಎಂಜಿನ್ನಿನ ಶಿಫ್ಟ್ ಲಿವರ್ ಸಹ ನ್ಯೂಟ್ರಲ್‌ನಲ್ಲಿ ಇಟ್ಟು, ಕೇಬಲ್ ತುದಿಯ ಜಾಯಿಂಟ್ ತಿರುಗಿಸುತ್ತ ಪಿನ್ನಿನ ಮೇಲೆ ಬಲ ಹಾಕದೆ ತಾನೇ ಕೂರುವ ಜಾಗ ಹುಡುಕಬೇಕು. ಜಾಯಿಂಟ್ ಕನಿಷ್ಠ 8 ಮಿ.ಮೀ. ಮರೆಯೊಳಗೆ ಹೋಗಿರಬೇಕು, ಉದ್ದ ಸಾಲದೆಂದು ತುದಿಯಲ್ಲೇ ನಿಲ್ಲಿಸಿದರೆ ನಡುನೀರಿನಲ್ಲಿ ಕಳಚುತ್ತದೆ. ಲಾಕ್ ನಟ್ ಬಿಗಿದ ಮೇಲೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತ ಮುಂದೆ, ಹಿಂದೆ ಗೇರ್ ಪೂರ್ತಿ ಕೂರುತ್ತದೆಯೇ ನೋಡಿ, ಎಂಜಿನ್ ಬಂದ್ ಇರುವಾಗಲೇ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಟ್ಟು. ಅರ್ಧ ಕಚ್ಚಿದ ಗೇರ್ ಲೋಡ್ ಬಿದ್ದಾಗ ಟಕಟಕ ಎಂದು ಜಾರಿ ಹಲ್ಲು ಸವೆಸುತ್ತದೆ. ಥ್ರಾಟಲ್‌ಗೂ ಇದೇ ಕ್ರಮ: ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ಜೋಡಿಸಿ, ಪೂರ್ತಿ ತೆರೆಯುತ್ತದೆಯೇ ನೋಡಿ, ಬಿಟ್ಟಾಗ ಹಿಂದಕ್ಕೆ ಬರುತ್ತದೆಯೇ ಮತ್ತೆ ನೋಡಿ.

ಚೀಲದ ಸಾಮಾನಿನ ಗುಣಮಟ್ಟ ಕಳಪೆ. ತೂತಿಗೆ ತೂರಿಸಿ ತುದಿ ಮಡಚುವ ಕಾಟರ್ ಪಿನ್ನುಗಳು ಸಾದಾ ಕಬ್ಬಿಣ, ಒಂದು ಮಳೆಗಾಲ ಬಾಳುವುದಿಲ್ಲ. ಇವನ್ನು ಎಸೆದು 316 ಸ್ಟೇನ್‌ಲೆಸ್ ಪಿನ್ ಹಾಕಿ. ಸೂಚನಾ ಹಾಳೆ ಜೆರಾಕ್ಸ್‌ನ ಜೆರಾಕ್ಸ್, ಚಿತ್ರದಲ್ಲಿ ಯಾವುದು ಕೇಬಲ್, ಯಾವುದು ಗೆರೆ ತಿಳಿಯದು.

ವೈರಿಂಗ್‌ನಲ್ಲಿ ಒಂದೇ ಒಂದು ಜಾಗ ಜೀವಕ್ಕೆ ಸಂಬಂಧಿಸಿದ್ದು. ಟಿಲ್ಲರ್ ಹಿಡಿಕೆಯ ಜೊತೆ ಸ್ಟಾಪ್ ಸ್ವಿಚ್ ಸಹ ಬಿಚ್ಚಿಬರುತ್ತದೆ, ಅದರ ವೈರ್ ಮುಂದಿನ ಪೆಟ್ಟಿಗೆಗೆ ಹೋಗಬೇಕು. ಈ ಎಂಜಿನ್‌ಗಳು ಬಂದ್ ಆಗುವುದು ಇಗ್ನಿಷನ್ನನ್ನು ಅರ್ಥ್‌ಗೆ ತಾಗಿಸಿದಾಗ. ಅಂದರೆ ಉದ್ದ ಮಾಡಿದ ವೈರ್ ನಡುವೆ ಕಡಿದರೆ ಎಂಜಿನ್ ನಿಲ್ಲುವುದಿಲ್ಲ, ಆರಾಮಾಗಿ ಓಡುತ್ತಲೇ ಇರುತ್ತದೆ. ಎಳೆದರೆ ಎಂಜಿನ್ ನಿಲ್ಲಲೆಂದು ಸ್ಟಾಪ್ ಸ್ವಿಚ್‌ಗೆ ಸಿಕ್ಕಿಸಿರುವ ಕೆಂಪು ಹಗ್ಗ ಕಿತ್ತರೂ ಪ್ರಯೋಜನವಿಲ್ಲ. ತಿರುಚಿ ಟೇಪ್ ಸುತ್ತಿದ ಜೋಡಣೆ ಇಲ್ಲಿ ನಡೆಯದು, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಬೇಕು. ಪ್ರತಿ ಸಲ ದಡ ಬಿಡುವ ಮುನ್ನ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆಯೇ ಪರೀಕ್ಷಿಸಿ. ಟಿಲ್ಲರ್‌ನಲ್ಲಿ ಎಂಜಿನ್ ಕೈಗೆಟುಕುವಷ್ಟು ಹತ್ತಿರ ಇತ್ತು, ಈಗ ಇಲ್ಲ.

ಹೆಲ್ಮ್ ಕೂರುವ ಫೈಬರ್ ಹಲಗೆ ತೆಳು. ಹಿಂದಿನಿಂದ 12 ಮಿ.ಮೀ. ಮರೀನ್ ಪ್ಲೈ ರೆಸಿನ್‌ನಲ್ಲಿ ಅಂಟಿಸದೆ ಬೋಲ್ಟ್ ಬಿಗಿದರೆ ಚಕ್ರದ ಜೊತೆ ಹಲಗೆಯೇ ಓಲಾಡುತ್ತದೆ.

ಇನ್ನು ಭಾರದ ಮಾತು. ಹಿಡಿಕೆ ಹಿಡಿದು ಹಿಂದೆ ಕೂರುತ್ತಿದ್ದ 70 ಕಿಲೊ ಮನುಷ್ಯ ಐದಾರು ಅಡಿ ಮುಂದೆ ಬರುತ್ತಾನೆ. ಒಬ್ಬನೇ ಇದ್ದಾಗ ಇದು ವರ: ಮೂತಿ ಆಕಾಶ ನೋಡುವುದು ನಿಂತು ದೋಣಿ ಬೇಗ ನೀರಿನ ಮೇಲೇಳುತ್ತದೆ, ಮುಂದೆ ಕಾಣುತ್ತದೆ. ಆದರೆ ಮೊದಲು ಸಮತೋಲಕ್ಕೆಂದು ಮುಂದೆ ಇಟ್ಟಿದ್ದ 24 ಲೀಟರ್ ಪೆಟ್ರೋಲ್ ಟ್ಯಾಂಕ್ ಅಲ್ಲೇ ಉಳಿದು, ಇಬ್ಬರು ಮುಂದಿನ ಹಲಗೆ ಮೇಲೆ ಕೂತರೆ ಮೂತಿ ನೀರು ಉಳುತ್ತದೆ, ಚಕ್ರ ಹೇಳಿದ್ದು ಕೇಳುವುದಿಲ್ಲ. ಟ್ಯಾಂಕ್, ಬ್ಯಾಟರಿ ಎರಡನ್ನೂ ಹಿಂಬದಿ ಹಲಗೆಯ ಹತ್ತಿರ ಒಯ್ದು ಬೆಲ್ಟ್ ಕಟ್ಟಿ. ಸಾಲದಿದ್ದರೆ ಎಂಜಿನ್ನಿನ ಓರೆ ಹೊಂದಿಸುವ ಟ್ರಿಮ್ ಪಿನ್ನನ್ನು ಒಂದು ತೂತು ಹೊರಗೆ ಹಾಕಿ. ಶಹಾಬಾದ್ ಫರ್ಸಿ ತುಂಡು ಹೇರಿ ಸಮ ಮಾಡುವವರೂ ಇದ್ದಾರೆ. ಬೇಡ. ತಿರುವಿನಲ್ಲಿ ಕಲ್ಲು ಜಾರಿ ಎಲ್ಲ ಭಾರವನ್ನೂ ಒಂದೇ ಬದಿಗೆ ಎಳೆಯುತ್ತದೆ.

ಚಕ್ರ ಬಲಕ್ಕೆ ಎಳೆಯುತ್ತಿದ್ದರೆ ಪ್ರೊಪೆಲ್ಲರ್‌ಗಿಂತ ಮೇಲಿರುವ ಪುಟ್ಟ ರೆಕ್ಕೆ, ಟ್ರಿಮ್ ಟ್ಯಾಬ್‌ನ ಹಿಂತುದಿಯನ್ನು ಬಲಕ್ಕೇ ಸ್ವಲ್ಪ ಸರಿಸಬೇಕು. ಎಡಕ್ಕೆ ಸರಿಸಿದರೆ ಎಳೆತ ಹೆಚ್ಚುತ್ತದೆ.

ಹಾಗಾದರೆ ಯಾರಿಗೆ ಬೇಕು? ನಾರಾಯಣಪುರದ ಬಸವಸಾಗರ, ಬೀದರಿನ ಕಾರಂಜಾ ಇಂಥ ಅಗಲ ನೀರಿನಲ್ಲಿ ಉದ್ದ ದೂರ ಓಡುವವರಿಗೆ ಖಂಡಿತ ಒಳ್ಳೆಯದು. ಸೊಂಟ ತಿರುಚಿ ಹಿಂದೆ ಕೂರುವ ಕಷ್ಟ ತಪ್ಪುತ್ತದೆ. ಸೊನ್ನ ಬ್ಯಾರೇಜಿನ ಕೆಳಗೆ, ಬೇಸಿಗೆಯಲ್ಲಿ ಬಂಡೆ ತಲೆ ಎತ್ತುವ ಭೀಮೆಗೆ ನಾವು ಟಿಲ್ಲರನ್ನೇ ಉಳಿಸಿಕೊಳ್ಳುತ್ತೇವೆ. ಹಿಡಿಕೆ ಒಂದು ತಳ್ಳಿಗೆ ಎಂಜಿನ್ನನ್ನು ಹೊರಳಿಸುತ್ತದೆ, ಚಕ್ರಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರೂವರೆ ನಾಲ್ಕು ಸುತ್ತು ಬೇಕು. ಇನ್ನೂ ದೊಡ್ಡ ತೊಡಕು, ಸ್ವಿಚ್ ಒತ್ತಿ ಎತ್ತುವ ಪವರ್ ಟಿಲ್ಟ್ ಇಲ್ಲದ ಎಂಜಿನ್ನನ್ನು ಮುಂದೆ ಕೂತವನು ಮೇಲೆತ್ತಲಾರ. ತಳ ಕಂಡಾಗ ಹಿಂದಕ್ಕೆ ಓಡುವಷ್ಟರಲ್ಲಿ ಪ್ರೊಪೆಲ್ಲರ್ ಕಲ್ಲಿಗೆ ಬಡಿದಾಗಿರುತ್ತದೆ. ಪ್ರವಾಹದ ಕೆಲಸಕ್ಕೆ ಒಯ್ಯುವ ದೋಣಿಗೂ ಇದೇ ಮಾತು, ಬಲೆ, ಜಾಲಿ ಮುಳ್ಳು, ವಿದ್ಯುತ್ ತಂತಿ ಎಲ್ಲಿ ಅಡ್ಡ ಬರುತ್ತದೋ ಹೇಳಲಾಗದು.

ಅಂಕ ಕೊಡುವುದಾದರೆ ಪೆಟ್ಟಿಗೆ ಮತ್ತು ಹೆಲ್ಮ್‌ಗೆ ಐದರಲ್ಲಿ ನಾಲ್ಕು, ಚೀಲಕ್ಕೆ ಎರಡು, ಉದ್ದ ಕೇಳದೆ ಕೇಬಲ್ ಕಳಿಸಿದ್ದಕ್ಕೆ ಸೊನ್ನೆ.

ಜೋಡಿಸಿದವರು ನಿಗಾ ಇಡಬೇಕಾದ್ದು ಡ್ರ್ಯಾಗ್ ಲಿಂಕ್‌ನ ಎರಡು ನಟ್. ದಂಡವನ್ನು ಎಂಜಿನ್ನಿನ ಸ್ಟೀರಿಂಗ್ ತೋಳಿಗೆ ಕಟ್ಟುವ ಕೊಂಡಿ ಅದೊಂದೇ. ಒಂದು ನಟ್ ಬಿದ್ದರೆ ಚಕ್ರ ಬರಿದೆ ತಿರುಗುತ್ತದೆ. ನೈಲಾನ್ ಉಂಗುರದ ಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬೇಡಿ, ಹೊಸದು ಹಾಕಿ. ಗ್ರೀಸ್ ಹೊಡೆಯುವಾಗ ದಂಡ ಪೂರ್ತಿ ಒಳಗೆ ಸರಿದಿರಲಿ, ಹೊರಚಾಚಿದ್ದಾಗ ಹೊಡೆದರೆ ಒಳಗೆ ಗ್ರೀಸಿನ ಗಡ್ಡೆ ಕಟ್ಟಿ ಚಕ್ರ ಅಲ್ಲಿಗೇ ನಿಲ್ಲುತ್ತದೆ.