ಮಂಡಿಯಿಂದ ಜಾರುವ ಪ್ಯಾಡ್ ಹಾಕಿಕೊಂಡು ಇಳಿಜಾರಿಗೆ ಹೋಗಬೇಡಿ

ಕಳೆದ ಜನವರಿಯಲ್ಲಿ ಮೂಡಿಗೆರೆ ಕಡೆ ಗೆಳೆಯನ ಕಾಫಿ ತೋಟದಲ್ಲಿ ಸೈಕಲ್‌ನಿಂದ ಬಿದ್ದೆ. ಎಡ ಮಂಡಿಗೆ ಏಳು ಹೊಲಿಗೆ ಬಿತ್ತು. ಆಗ ನಾನು ಮಂಡಿಗೆ ಪ್ಯಾಡ್ ಹಾಕಿಕೊಂಡೇ ಇದ್ದೆ. ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಅದಕ್ಕೇ.

ಮೊದಲು ನನ್ನ ಹತ್ತಿರ ಇದ್ದದ್ದು ಮೋಟಾರ್ ಬೈಕಿನವರು ಹಾಕುವ ಪ್ಲಾಸ್ಟಿಕ್ ಚಿಪ್ಪಿನ ಗಾರ್ಡ್. ಮಂಡಿಯಿಂದ ಕಣಕಾಲಿನ ತನಕ ಬರುತ್ತಿತ್ತು. ತೋಟದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಏರು ತುಳಿಯುವಾಗ ಒಳಗೆಲ್ಲ ಬೆವರು, ಮಂಡಿಯ ಹಿಂದೆ ಉಜ್ಜಿ ಉಜ್ಜಿ ಕೆಂಪು ಗೆರೆ. ಬಿಚ್ಚಿ ಬ್ಯಾಗಿಗೆ ಕಟ್ಟುತ್ತಿದ್ದೆ, ಮೇಲೆ ಹೋಗಿ ಮತ್ತೆ ಹಾಕುತ್ತಿದ್ದೆ. ಹಗುರವಾದದ್ದು ಬೇಕು ಅನ್ನಿಸಿದ್ದು ತಪ್ಪಲ್ಲ. ಏರಿನಲ್ಲೂ ಕಾಲ ಮೇಲೇ ಇರುವ ಪ್ಯಾಡ್ ನಿಜಕ್ಕೂ ಒಳ್ಳೆಯದು. ತಪ್ಪಾದದ್ದು ಆರಿಸಿದ ರೀತಿಯಲ್ಲಿ.

ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿಗೆ ಒಂದು ಜೊತೆ ಸಿಕ್ಕಿತು. 'ಎಲ್ಲ ಅಳತೆಗೂ ಹೊಂದುತ್ತದೆ' ಅಂತ ಬರೆದಿತ್ತು, ಡಬ್ಬದ ಮೇಲೆ ಬಂಡೆಯಿಂದ ಹಾರುವ ಸವಾರನ ಚಿತ್ರ. ಮನೆಯ ನಡುಕೋಣೆಯಲ್ಲಿ ನೆಟ್ಟಗೆ ನಿಂತು ಹಾಕಿಕೊಂಡೆ. ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಅದನ್ನೇ ಹಿತ ಅಂದುಕೊಂಡೆ. ಅದು ಸಡಿಲ ಅಂತ ಆಗ ಹೊಳೆಯಲಿಲ್ಲ.

ಆ ದಿನ ಕಾಫಿ ಕಣ ದಾಟಿದ ಮೇಲೆ ದಾರಿ ಸಿಲ್ವರ್ ಓಕ್ ಮರಗಳ ನಡುವೆ ಕೆಳಗೆ ತಿರುಗುತ್ತದೆ. ಮಳೆ ಇಲ್ಲದೆ ಒಣಗಿದ ಜಂಬಿಟ್ಟಿಗೆ ನೆಲ, ಮೇಲೆ ಗೋಲಿಯಂಥ ನೊರಜುಗಲ್ಲು. ವೇಗವೇನೂ ಹೆಚ್ಚಿರಲಿಲ್ಲ. ಮುಂದಿನ ಚಕ್ರ ಜಾರಿತು, ಎಡಗಡೆಗೆ ಬಿದ್ದೆ, ಮಂಡಿ ಊರಿಕೊಂಡೇ ಒಂದೆರಡು ಮಾರು ಜಾರಿದೆ. ಎದ್ದು ನೋಡಿದರೆ ಪ್ಯಾಡ್ ಕಣಕಾಲಿನ ಹತ್ತಿರ ಕಾಲುಚೀಲದ ಹಾಗೆ ಮುದುರಿ ಕೂತಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಮಂಡಿ ಮಾತ್ರ ಬಾಯಿ ಬಿಟ್ಟಿತ್ತು, ಒಳಗೆ ಕೆಂಪು ಮಣ್ಣು.

ಆಸ್ಪತ್ರೆಯಲ್ಲಿ ನರ್ಸ್ ಸಲೈನ್ ಸುರಿದು ಸುರಿದು, ಚಿಮಟದಲ್ಲಿ ಒಂದೊಂದೇ ಹರಳು ತೆಗೆದರು. ಟ್ರೇಯಲ್ಲಿ ಅವು ಟಕ್ ಟಕ್ ಬೀಳುವುದು ಈಗಲೂ ಕಿವಿಯಲ್ಲಿದೆ. ಟೆಟನಸ್ ಚುಚ್ಚುಮದ್ದೂ ಆಯಿತು. ಮಂಡಿಚಿಪ್ಪಿನ ಮುಂದೆ, ಚರ್ಮದ ಕೆಳಗೇ ಒಂದು ತೆಳುವಾದ ದ್ರವದ ಚೀಲ ಇದೆ, ಅದರೊಳಗೆ ಕೊಳೆ ಸೇರಿ ಕೀವಾದರೆ ಗೋಳು ಎಂದರು ಡಾಕ್ಟರು. ಮಡಿಸಿದಾಗಲೆಲ್ಲ ಎಳೆಯುವ ಜಾಗವಾದ್ದರಿಂದ ಹೊಲಿಗೆ ಎರಡು ವಾರ ಬಿಡಬೇಕಾಯಿತು. ಅಷ್ಟು ದಿನ ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಹತ್ತಿದೆ.

ಮನೆಗೆ ಬಂದು ಆ ಪ್ಯಾಡನ್ನು ಕತ್ತರಿಯಲ್ಲಿ ಸೀಳಿದೆ. ಒಳಗಿದ್ದದ್ದು ಪಾತ್ರೆ ತೊಳೆಯುವ ಸ್ಪಂಜಿನಷ್ಟು ಮೆತ್ತನೆಯ ಫೋಮ್. ಎರಡು ಬೆರಳಲ್ಲಿ ಒತ್ತಿದರೆ ಬೆರಳಿಗೆ ಬೆರಳು ತಾಗುತ್ತಿತ್ತು. ಅಂಚಿಗೆ ಬರೀ ಎಲಾಸ್ಟಿಕ್, ಚರ್ಮ ಹಿಡಿಯುವ ಸಿಲಿಕೋನ್ ಪಟ್ಟಿ ಇಲ್ಲ. ಏರಿನಲ್ಲಿ ಬೆವರು ಬಂದ ಮೇಲೆ ಅದು ನಿಲ್ಲುವ ಮಾತೇ ಇರಲಿಲ್ಲ.

ಒಳ್ಳೆಯ ಹಗುರ ಪ್ಯಾಡ್‌ಗಳಲ್ಲಿ ಇರುವುದು ಬೇರೆಯೇ ವಸ್ತು. ಡಿ3ಓ ಅನ್ನುವ ಬ್ರ್ಯಾಂಡಿನದು ಅಂಥದ್ದು. ಕೆರೆಯ ನೀರಿಗೆ ಮೆಲ್ಲಗೆ ಕೈ ಇಟ್ಟರೆ ಮುಳುಗುತ್ತದೆ, ಅಂಗೈಯಲ್ಲಿ ಬಡಿದರೆ ಏಟಾಗುತ್ತದೆ ಅಲ್ಲವೇ, ಕೆಲಸ ಹೆಚ್ಚುಕಡಿಮೆ ಹಾಗೇ: ಪೆಡಲ್ ತುಳಿಯುವಾಗ ಮಂಡಿಯ ಜೊತೆ ಬಾಗುತ್ತದೆ, ಧಡ್ ಅಂತ ಬಡಿದ ಕ್ಷಣಕ್ಕೆ ಗಟ್ಟಿಯಾಗಿ ಏಟನ್ನು ಹರಡುತ್ತದೆ. ಅಂಥ ತುಂಡಿನ ಮೇಲೆ ಅಥವಾ ಚೀಟಿಯಲ್ಲಿ ಇಎನ್ 1621-1 ಅಂತ ಇದೆಯೇ ನೋಡಿ. ಮೋಟಾರ್ ಬೈಕ್ ಸವಾರರಿಗಾಗಿ ಬಂದ ಯುರೋಪಿನ ಮಾನದಂಡ ಅದು. 50 ಜೂಲ್ ಏಟು ಕೊಟ್ಟಾಗ ಆಚೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ನನ್ನ ಡಬ್ಬದ ಮೇಲೆ ಬರೀ ಸಿಇ ಅನ್ನುವ ಯುರೋಪಿನ ಗುರುತಿತ್ತು, ಮಾನದಂಡದ ಸಂಖ್ಯೆಯೇ ಇರಲಿಲ್ಲ. ದಯವಿಟ್ಟು ಅಂಥದ್ದನ್ನು ನಂಬಿ ದುಡ್ಡು ಕೊಡಬೇಡಿ.

ಆದರೆ ಆ ಅಂಕಿ ಹೇಳುವುದು ಏಟಿನ ವಿಷಯ. ಬಿದ್ದು ಉಜ್ಜಿಕೊಂಡು ಹೋಗುವಾಗ ಪ್ಯಾಡ್ ಜಾಗದಲ್ಲೇ ಇರುತ್ತದೆಯೇ ಅನ್ನುವುದನ್ನು ನಿಮ್ಮ ಕಾಲೇ ಹೇಳಬೇಕು. ಟೇಪ್ ಹಿಡಿದು ತೊಡೆಯ ಸುತ್ತಳತೆ, ಮೀನಖಂಡದ ಸುತ್ತಳತೆ ತೆಗೆದುಕೊಳ್ಳಿ. ಮಂಡಿಯಿಂದ ಎಷ್ಟು ಮೇಲೆ ಅಳೆಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಅವರ ಪಟ್ಟಿ ನೋಡಿಯೇ ಅಳೆಯಿರಿ. ನಿಂತು ನೋಡಿದರೆ ಸಾಲದು. ಕುಕ್ಕರಗಾಲಲ್ಲಿ ಕೂತು ಏಳಿ, ಸಾಧ್ಯವಾದರೆ ಅಂಗಡಿಯಲ್ಲೇ ಸೈಕಲ್ ಮೇಲೆ ಕೂತು ಹತ್ತು ನಿಮಿಷ ತುಳಿಯಿರಿ. ಆಮೇಲೆ ಮಂಡಿ ಮಡಿಸಿ, ಮೇಲಿನ ಅಂಚು ಹಿಡಿದು ಕೆಳಕ್ಕೆ ಜೋರಾಗಿ ಎಳೆಯಿರಿ. ಮಂಡಿಚಿಪ್ಪು ಹೊರಗೆ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮಂಡಿಯ ಹಿಂದೆ ದಪ್ಪ ಹೊಲಿಗೆ ಬಂದಿದ್ದರೂ ಬೇಡ, ಒಂದು ಗಂಟೆಯಲ್ಲಿ ಚರ್ಮ ಸುಲಿಯುತ್ತದೆ. ಬಿಗಿ ಇರಲಿ ಅಂತ ಪಾದ ಜೋಮು ಹಿಡಿಯುವಷ್ಟು ಚಿಕ್ಕದನ್ನೂ ತರಬೇಡಿ.

ಈಗ ನನ್ನ ಹತ್ತಿರ ಇರುವುದು ಸಿಲಿಕೋನ್ ಪಟ್ಟಿಯ, ಹಿಂದುಗಡೆ ಜಾಲರಿ ಬಟ್ಟೆಯ ಜೊತೆ. ತೊಡೆಗೆ ಒಂದೇ ಪಟ್ಟಿ. ಬೆಲೆ ಮೊದಲಿನದರ ಐದು ಪಟ್ಟು. ಒಳಗಿನ ತುಂಡು ತೆಗೆದು ಬಟ್ಟೆ ಮಾತ್ರ ಕೈಯಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಸೀಳಿದ ಹಳೆಯದು ಸೈಕಲ್ ಪಕ್ಕದ ಮೊಳೆಯಲ್ಲೇ ತೂಗುತ್ತಿದೆ. ಜೊತೆಗೆ ಬರುವ ಹೊಸಬರು 'ಹಗುರದ್ದು ಯಾವುದು ತಗೊಳ್ಳಲಿ' ಅಂದಾಗ ಮೊದಲು ಅದನ್ನು ಅವರ ಕೈಗೆ ಕೊಟ್ಟು, ಎರಡು ಬೆರಳಲ್ಲಿ ಒತ್ತಿ ನೋಡಿ ಅನ್ನುತ್ತೇನೆ.