ಗನ್‌ಲೈನ್, ಹೋರ್ಡ್, ಡೀಪ್ ಸ್ಟ್ರೈಕ್: ವಾರ್‌ಹ್ಯಾಮರ್ 40,000ದಲ್ಲಿ ಮೂರು ದಾರಿ, ಒಂದೇ ಟೇಬಲ್

ವಾರ್‌ಹ್ಯಾಮರ್ 40,000 ಅಂದರೆ ಪುಟ್ಟ ಗೊಂಬೆಗಳ ಸೈನ್ಯವನ್ನು ಟೇಬಲ್ ಮೇಲೆ ಇಂಚು ಅಳೆದು ಸರಿಸಿ, ದಾಳ ಹಾಕಿ ಹೋರಾಡಿಸುವ ಯುದ್ಧದಾಟ. ಖಾಲಿ ಟೇಬಲ್ ಮೇಲೆ ಆಡಿದರೆ ಗನ್ ಜಾಸ್ತಿ ಇರುವವನೇ ಗೆಲ್ಲುತ್ತಾನೆ. ಅದನ್ನು ನಂಬಿ ಗನ್‌ಗಳಿಗೇ ದುಡ್ಡು ಸುರಿಯಬೇಡಿ. ತುಮಕೂರಿನ ಮನೆಗಳಲ್ಲಿ ಮೂರು ಬಗೆಯ ಸೈನ್ಯ ಆಡಿಸಿ ನೋಡಿದ್ದೇವೆ: ದೂರ ನಿಂತು ಸುಡುವ ಗನ್‌ಲೈನ್, ಗೊಂಬೆಗಳ ಹಿಂಡನ್ನೇ ನುಗ್ಗಿಸುವ ಹೋರ್ಡ್, ಟೇಬಲ್ ಹೊರಗೆ ಕಾದಿದ್ದು ಆಮೇಲೆ ಎದುರಾಳಿಯ ಬೆನ್ನಿಗೆ ಇಳಿಯುವ ಡೀಪ್ ಸ್ಟ್ರೈಕ್. ಗೆಲುವನ್ನು ಅರ್ಧಕ್ಕರ್ಧ ತೀರ್ಮಾನಿಸುವುದು ಟೇಬಲ್ಲೇ. ಇಲ್ಲಿರುವುದು 2023ರ 10ನೇ ಆವೃತ್ತಿಯ ನಿಯಮ, 2,000 ಪಾಯಿಂಟ್ ಆಟದ ಲೆಕ್ಕ (ಗೊಂಬೆಗಳಿಗೆ ಪಾಯಿಂಟ್‌ನಲ್ಲಿ ಬೆಲೆ, ತಲಾ 2,000ದ ಸೈನ್ಯ).

ಹಾಗಾಗಿ ಮೊದಲು ಟೇಬಲ್. 60×44 ಇಂಚು ಬೇಕು. ಊಟದ ಟೇಬಲ್‌ನ ಅಗಲ ಸಾಮಾನ್ಯವಾಗಿ ಸಾಲದು. 8×4 ಅಡಿಯ ಒಂದು ಪ್ಲೈವುಡ್ ಶೀಟ್ ತಂದರೆ ಆಯಿತು. ಅಂಗಡಿಯಲ್ಲೇ 30×44ರ ಎರಡು ತುಂಡು ಮಾಡಿಸಿ, ಆಟೋದಲ್ಲಿ ತರಬಹುದು, ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳಬಹುದು. ಪಾಳುಕಟ್ಟಡಕ್ಕೆ ಥರ್ಮಾಕೋಲ್: 12×6 ಇಂಚಿನ ಆರು ಬುಡ, ಪ್ರತಿಯೊಂದರ ಮೇಲೂ ಮೂಲೆ ಕೂಡಿಸಿದ ಎರಡು ಗೋಡೆ, ಎತ್ತರ 5 ಇಂಚು. ಸ್ಪ್ರೇ ಪೇಂಟ್ ಹೊಡೆದರೆ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ಡಿಸ್ಟೆಂಪರನ್ನು ಬ್ರಷ್‌ನಲ್ಲೇ ಹಚ್ಚಬೇಕು. ಪಾಳುಕಟ್ಟಡದ ಆಚೆಗೆ ದೃಷ್ಟಿ ಹಾಯುವುದಿಲ್ಲ, ಒಳಗೆ ಕಾಲಿಟ್ಟವನು ಮಾತ್ರ ಕಾಣುತ್ತಾನೆ ಅನ್ನುವುದು ನಿಯಮ. ಈ ಆರು ಪಾಳುಕಟ್ಟಡ ಟೇಬಲ್ ಏರಿದ ದಿನವೇ ಗನ್‌ಲೈನ್‌ನ ಸೊಕ್ಕು ಇಳಿಯುತ್ತದೆ.

ಗನ್‌ಲೈನ್ ಕಲಿಯುವುದು ಸುಲಭ, ಕೈ ಕೊಡುವುದು ಗೆಲುವಿನ ಪಾಯಿಂಟ್ ಲೆಕ್ಕದಲ್ಲಿ. ಟೇಕ್ ಅಂಡ್ ಹೋಲ್ಡ್ ಮಿಷನ್ ತೆಗೆದುಕೊಳ್ಳಿ. ಎರಡನೇ ರೌಂಡ್‌ನಿಂದ ಐದನೆಯದರವರೆಗೆ, ಹಿಡಿದ ಪ್ರತಿ ಆಬ್ಜೆಕ್ಟಿವ್‌ಗೂ (ಟೇಬಲ್ ಮೇಲೆ ಗುರುತು ಹಾಕಿದ ಜಾಗ) 5 ಪಾಯಿಂಟ್, ಒಂದು ಸರದಿಗೆ ಗರಿಷ್ಠ 15. ನಿಮ್ಮ ಬದಿಯ ಆಬ್ಜೆಕ್ಟಿವ್ ಒಂದನ್ನೇ ಕಾಯುತ್ತ ನಿಂತರೆ ನಾಲ್ಕು ರೌಂಡ್‌ಗೆ 20. ಎದುರಾಳಿ ಮೂರರ ಮೇಲೆ ನಿಂತರೆ 60 ಆಗಬೇಕು, 50ಕ್ಕೆ ಮಿತಿ ಇದೆ. ಅಂತರ 30. ಅವನ ಅರ್ಧ ಸೈನ್ಯ ಸುಟ್ಟರೂ ಇದನ್ನು ತುಂಬಿಸುವುದು ಕಷ್ಟ. ಇನ್ನೊಂದು ತೊಂದರೆ: ಶತ್ರು 1 ಇಂಚಿನೊಳಗೆ ಬಂದು ತಗುಲಿಕೊಂಡರೆ ಕಾಲಾಳು ಪಿಸ್ತೂಲ್ ಬಿಟ್ಟು ಬೇರೇನೂ ಹಾರಿಸುವಂತಿಲ್ಲ. ಅಗ್ಗದ ಒಂದು ಯೂನಿಟ್ಟನ್ನು (ಒಟ್ಟಿಗೇ ಸಾಗುವ ಗೊಂಬೆಗಳ ಗುಂಪು) ಗನ್‌ಗಳ ಮುಂದೆ ಬೇಲಿ ಹಾಗೆ ನಿಲ್ಲಿಸಿ. ಎರಡು ವೇಗದ ಯೂನಿಟ್‌ಗಳನ್ನು ನಡುವಿನ ಆಬ್ಜೆಕ್ಟಿವ್‌ಗೇ ಮೀಸಲಿಡಿ.

ಹೋರ್ಡ್ ನಮಗೆ ಹಿಡಿಸಿದ ದಾರಿ. ಆಡು-ಹುಲಿ ಆಡಿದವರಿಗೆ ಇದು ಹೊಸದಲ್ಲ: ಆಡುಗಳು ಹುಲಿಯನ್ನು ಕೊಲ್ಲುವುದಿಲ್ಲ, ಜಾಗ ಹಿಡಿದು ಕಟ್ಟಿಹಾಕುತ್ತವೆ. ಆಬ್ಜೆಕ್ಟಿವ್‌ನಿಂದ 3 ಇಂಚಿನೊಳಗೆ ಯಾರ ಆಬ್ಜೆಕ್ಟಿವ್ ಕಂಟ್ರೋಲ್ (ಪ್ರತಿ ಗೊಂಬೆಗೂ ಇರುವ, ಜಾಗ ಹಿಡಿಯುವ ಅಂಕ) ಮೊತ್ತ ಹೆಚ್ಚೋ ಅದು ಅವರದು. ಆರ್ಕ್ ಸೈನ್ಯದ ಸಾಮಾನ್ಯ ಕಾಲಾಳು ಬಾಯ್ಜ್, ಒಬ್ಬನಿಗೆ 2. ಇಪ್ಪತ್ತು ಜನಕ್ಕೆ 40. ಭಾರೀ ಕವಚದ ಟರ್ಮಿನೇಟರ್ ಒಬ್ಬನಿಗೆ 1, ಐವರಿಗೆ 5. ಹದಿನೇಳು ಬಾಯ್ಜ್ ಸತ್ತರೂ ಉಳಿದ ಮೂವರದು 6.

ಆದರೆ ಇಲ್ಲೇ ಒಂದು ಹಳ್ಳ. ಯೂನಿಟ್ ಅರ್ಧಕ್ಕಿಂತ ಕೆಳಗಿಳಿದರೆ ಪ್ರತಿ ಕಮಾಂಡ್ ಫೇಸ್‌ನಲ್ಲೂ (ನಿಮ್ಮ ಸರದಿಯ ಮೊದಲ ಹಂತ) ಎರಡು ದಾಳ ಹಾಕಿ ಯೂನಿಟ್‌ನ ಲೀಡರ್‌ಶಿಪ್ ಅಂಕವನ್ನಾದರೂ ಮುಟ್ಟಬೇಕು. ಲೀಡರ್‌ಶಿಪ್ 7 ಇದ್ದರೆ 36ರಲ್ಲಿ 15 ಸಲ ಫೇಲು, ಆಗ ಕಂಟ್ರೋಲ್ ಸೊನ್ನೆ. ಎರಡನೆಯ ಹಳ್ಳ ಅಂತರದ ನಿಯಮ. ಏಳು ಅಥವಾ ಹೆಚ್ಚು ಗೊಂಬೆಗಳ ಯೂನಿಟ್‌ನಲ್ಲಿ ಪ್ರತಿಯೊಬ್ಬನೂ ಬೇರೆ ಇಬ್ಬರಿಂದ 2 ಇಂಚಿನೊಳಗಿರಬೇಕು. ಒಂದೇ ಸಾಲಾಗಿ ಎಳೆದರೆ ತುದಿಯವನಿಗೆ ಪಕ್ಕದವನು ಒಬ್ಬನೇ. ಎರಡೂ ತುದಿಯಲ್ಲಿ ಮೂವರನ್ನು ಒತ್ತಾಗಿ ನಿಲ್ಲಿಸಿ. ಸತ್ತವರನ್ನು ಆರಿಸುವುದು ನಿಮ್ಮ ಕೈಯಲ್ಲೇ ಇದೆ, ಬಾಲದಿಂದ ತೆಗೆಯಿರಿ. ನಡುವಿನಿಂದ ತೆಗೆದರೆ ಸರಪಳಿ ತುಂಡಾಗಿ, ಸರದಿಯ ಕೊನೆಗೆ ಬದುಕಿದ್ದವರನ್ನೂ ಎತ್ತಿಡಬೇಕಾಗುತ್ತದೆ. ಸಿಡಿಗುಂಡು ಹಾರಿಸುವ ಬ್ಲಾಸ್ಟ್ ಗನ್‌ಗಳಿಗೂ ಹಿಂಡೇ ಇಷ್ಟ: ಪ್ರತಿ ಐದು ಗೊಂಬೆಗೆ ಒಂದು ಹೆಚ್ಚುವರಿ ಏಟು.

ಸಮಯವೂ ಲೆಕ್ಕಕ್ಕೆ ಬರುತ್ತದೆ. ಆಟಕ್ಕೆ 3 ಗಂಟೆ ಇಟ್ಟರೆ ತಲಾ 90 ನಿಮಿಷ, ರೌಂಡ್‌ಗೆ 18. ನೂರು ಗೊಂಬೆಯನ್ನು ಒಂದೊಂದಾಗಿ ಅಳೆದು ಸರಿಸಿದರೆ ಮೂರನೇ ರೌಂಡ್‌ಗೇ ಗಡಿಯಾರ ಮುಗಿಯುತ್ತದೆ. ಸನ್‌ಬೋರ್ಡ್ ಕತ್ತರಿಸಿ ಹತ್ತತ್ತು ಗೊಂಬೆ ಒಟ್ಟಿಗೆ ಸರಿಸುವ ಟ್ರೇ ಮಾಡಿಕೊಳ್ಳಿ. ಬಣ್ಣ ಹಚ್ಚಿದ ಸೈನ್ಯಕ್ಕೆ 10 ಪಾಯಿಂಟ್ ಇರುವುದರಿಂದ ಆ ನೂರಕ್ಕೂ ಬಣ್ಣ ಆಗಲೇಬೇಕು. ಬುಡಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳಲ್ಲಿ ಅದ್ದಿದರೆ ಕೆಲಸ ಬೇಗ ಸಾಗುತ್ತದೆ.

ಡೀಪ್ ಸ್ಟ್ರೈಕ್ ನೋಡಲು ಚೆಂದ, ನೆಚ್ಚಿಕೊಂಡರೆ ಕಷ್ಟ. ಎರಡನೇ ರೌಂಡ್‌ನಿಂದ, ಶತ್ರುವಿನಿಂದ 9 ಇಂಚಿಗಿಂತ ದೂರದಲ್ಲಿ ಇಳಿಯಬೇಕು. ಅಲ್ಲಿಂದ ಚಾರ್ಜ್ ಮಾಡಲು, ಅಂದರೆ ಶತ್ರುವಿನ ಮೇಲೆ ನುಗ್ಗಲು, ಎರಡು ದಾಳದಲ್ಲಿ ಕನಿಷ್ಠ 9 ಬೀಳಬೇಕು: 36ರಲ್ಲಿ 10, ಅಂದರೆ ಶೇ 28. ಒಂದು ಕಮಾಂಡ್ ಪಾಯಿಂಟ್ (ವಿಶೇಷ ನಡೆಗೆ ಖರ್ಚು ಮಾಡುವ ಪಾಯಿಂಟ್) ಕೊಟ್ಟು ಮತ್ತೆ ಹಾಕಿದರೂ ಶೇ 48. ಇಳಿದ ಕೂಡಲೇ ಹೊಡೆದಾಡುವ ಆಸೆ ಬಿಟ್ಟು, ಕಾವಲಿಲ್ಲದ ಆಬ್ಜೆಕ್ಟಿವ್ ಹಿಡಿಯಲು ಬಳಸಿದರೆ ಫಲ ಸಿಗುತ್ತದೆ. ಎದುರಾಳಿ ಜಾಣನಾದರೆ 18 ಇಂಚಿಗೊಬ್ಬನಂತೆ ಸಾಲಾಗಿ ನಿಲ್ಲಿಸಿಯೇ ಆ ಸಾಲಿನ ಮೇಲೆ ಇಳಿಯಲು ಜಾಗವಿಲ್ಲದಂತೆ ಮಾಡುತ್ತಾನೆ. ಕಾದು ಕೂತರೆ ಮೂರನೇ ರೌಂಡ್ ಮುಗಿದಾಗ ಇಳಿಯದವರು ಸತ್ತ ಲೆಕ್ಕ.

ಮೊದಲ ಸೈನ್ಯ ಕೊಳ್ಳುವವರು ಕಂಟ್ರೋಲ್ 2 ಇರುವ ಹತ್ತು ಜನರ ಮೂರು-ನಾಲ್ಕು ಯೂನಿಟ್, ಹಿಂದೆ ಎರಡು ದೊಡ್ಡ ಗನ್, ಡೀಪ್ ಸ್ಟ್ರೈಕ್‌ಗೆ ಒಂದೇ ಯೂನಿಟ್ ಇಟ್ಟುಕೊಳ್ಳಿ. ಬೇರೆಯವರ ಮನೆಗೆ ಆಡಲು ಹೋಗುವಾಗ ಟೇಬಲ್ ಹೇಗಿದೆ ಎಂದು ಮೊದಲೇ ಕೇಳಿ. ಖಾಲಿ ಅಂದರೆ ನಾಲ್ಕು ಥರ್ಮಾಕೋಲ್ ಪಾಳುಕಟ್ಟಡ ಜೊತೆಗೆ ಒಯ್ಯಿರಿ.