ಫೈಕಸ್ ಎಲೆ ಉದುರಿಸುತ್ತಿದ್ದರೆ ಮಾಲಿಯನ್ನು ಕರೆಸಿ, ಬೂಸ್ಟರ್ ಬೇಡ ಅನ್ನಿ

ಮುಂಬೈಯ ಮುಲುಂಡ್‌ನಲ್ಲಿ ನಮ್ಮ ಹತ್ತಿರದ ನರ್ಸರಿಯವರು ಗಿಡ ನೋಡೋಕೆ ಮನೆಗೇ ಮಾಲಿಯನ್ನು ಕಳಿಸುತ್ತಾರೆ. ಫೀಸು ₹400. ಮಾಲಿಗೆ ಐದಕ್ಕೆ ಐದು ಸ್ಟಾರ್, ನರ್ಸರಿಗೆ ಎರಡು.

ಹಾಲ್‌ನಲ್ಲಿರುವ ನಮ್ಮ ಫೈಕಸ್ ಬೆಂಜಮಿನಾ ಮೇ ತಿಂಗಳಲ್ಲಿ ಎಲೆ ಉದುರಿಸತೊಡಗಿತು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಎದುರು ಫ್ಲ್ಯಾಟಿನ ಧಾರವಾಡದ ಅಕ್ಕ, "ಯಾರದೋ ದೃಷ್ಟಿ ತಾಗೇದ ನೋಡವಾ, ಉಪ್ಪು ಮೆಣಸಿನಕಾಯಿ ಇಳಿಸಿ ಒಗಿ" ಅಂದರು.

ಮಾಲಿ ಮೊದಲು ನೋಡಿದ್ದು ಗಿಡವನ್ನಲ್ಲ, ನೆಲದ ಮೇಲಿನ ಎಲೆಗಳನ್ನು. ಅರ್ಧಕ್ಕರ್ಧ ಹಸಿರೇ ಇದ್ದವು. ಹಸಿರೆಲೆ ಬಿದ್ದರೆ ಜಾಗ, ಬೆಳಕು, ಗಾಳಿ ಏನೋ ಬದಲಾಗಿರುತ್ತದಂತೆ. ಹಳದಿಯಾಗಿ ಬಿದ್ದರೆ ಬೇರು ನೀರಲ್ಲಿ ನಿಂತಿದೆಯಾ ನೋಡಬೇಕಂತೆ. ನಮ್ಮದರಲ್ಲಿ ಎರಡೂ. ಹೊಸ ಏಸಿ ನೇರವಾಗಿ ಗಿಡದ ನೆತ್ತಿಗೇ ಊದುತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇಲ್ಲ; ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿದರೆ ಎರಡು ಬೆರಳು ನೀರು, ಗಬ್ಬು ನಾತ. ಗಿಡಕ್ಕೆಂದೇ ಕುಂಡ ಮಾರುವವರಿಗೆ ಇಷ್ಟೂ ತಿಳಿಯಬೇಡವೇ?

ಬೋಳು ಕೊಂಬೆಯೊಂದನ್ನು ಉಗುರಿನಲ್ಲಿ ಕೆರೆದರು. ತೊಗಟೆಯಡಿ ಹಸಿರು ಕಂಡಿತು, ಹಾಲು ಜಿನುಗಿತು. "ಜಿಂದಾ ಹೈ, ದೀದಿ." ಆಲ, ಅರಳಿ, ಅತ್ತಿಯ ಬಳಗವಲ್ಲವೇ, ಹಾಲು ಇದ್ದೇ ಇರುತ್ತದೆ. ಕೆಲವರಿಗೆ ಅದು ತಾಗಿದರೆ ತುರಿಕೆ, ಹಾಗಾಗಿ ಕೈ ತೊಳೆದೇ ಮುಂದುವರಿದರು. ಆಮೇಲೆ ಎಲೆಯ ಬೆನ್ನು ತಿರುಗಿಸಿ, ನಡುನರಕ್ಕೆ ಅಂಟಿದ್ದ ಕಂದು ಚುಕ್ಕೆಯೊಂದನ್ನು ಎಬ್ಬಿಸಿ ತೋರಿಸಿದರು: ರಸ ಹೀರುವ ಶಲ್ಕ ಕೀಟ. ಕುಂಡದ ಸುತ್ತ ನೆಲ ಅಂಟಂಟಾಗಿದ್ದದ್ದು ಅದರಿಂದ. ಕೆಲಸದ ಬಾಯಿ ಅದನ್ನು ಮಾವಿನ ರಸವೆಂದು ದಿನಾ ಉಜ್ಜುತ್ತಿದ್ದಳು.

ಸೋಪಿನ ನೀರಲ್ಲಿ ಹತ್ತಿ ಅದ್ದಿ ಎಲೆ ಒರೆಸಿದರು. ವಾರಕ್ಕೊಮ್ಮೆ ಸಂಜೆ ಹೊತ್ತು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿಂಪಡಿಸಬೇಕು. ಗಿಡವನ್ನು ಪೂರ್ವದ ಕಿಟಕಿ ಪಕ್ಕ ಇಟ್ಟು, ಇನ್ನು ಅಲ್ಲಿಂದ ಕದಲಿಸಬೇಡಿ ಎಂದರು. ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲೇ ನೀರು.

ತಕರಾರು ಬಂದದ್ದು ಬಿಲ್ಲಿನಲ್ಲಿ. 'ಗ್ರೋತ್ ಬೂಸ್ಟರ್' ₹650, ಜತೆಗೆ ಮಣ್ಣು ಬದಲಾಯಿಸುವ ಚಾರ್ಜು. ಈಗ ಗೊಬ್ಬರ ಹಾಕಬೇಡಿ, ಬೇರು ಕೆಣಕಬೇಡಿ ಎಂದು ಅವರ ಮಾಲಿಯೇ ಹೇಳಿ ಹೋಗಿದ್ದರು! ಸೊರಗಿದ ಗಿಡಕ್ಕೆ ಗೊಬ್ಬರ ಸುರಿಯುವುದೆಂದರೆ ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಬಡಿಸಿದ ಹಾಗೆ. ಎರಡನ್ನೂ ಬಿಲ್ಲಿನಿಂದ ತೆಗೆಸುವಷ್ಟರಲ್ಲಿ ಸಾಕುಬೇಕಾಯಿತು.

ಮಳೆ ಹಿಡಿದ ಮೇಲೆ ತುದಿಗಳಲ್ಲಿ ಚಿಗುರು ಬಂದಿದೆ. ಕೆಳಗಿನ ಕೊಂಬೆಗಳು ಇನ್ನೂ ಬೋಳು. ಕರೆಸುವುದಾದರೆ 'ನೋಡುವ ಫೀಸು ಮಾತ್ರ' ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಭಾನುವಾರ ಬರುವುದಿಲ್ಲ.